ಕೇಸು ನಿಲ್ಲಿಸಿ ಎಂದವರಿಗೆ ಕೇಳಬೇಕಾದ ಪ್ರಶ್ನೆ

"ಸ್ವಲ್ಪ ತಡೀರಿ" ಎಂಬ ಮಾತನ್ನು ನಮ್ಮ ಹೆಣ್ಣುಮಕ್ಕಳಷ್ಟು ಕೇಳಿದವರು ಬೇರೆ ಯಾರೂ ಇರಲಾರರು. ಗಂಡನ ಮನೆಯಲ್ಲಿ ಹೊಡೆತ ಬಿದ್ದರೆ ತವರಿನವರು "ಒಂದು ಕೂಸು ಆಗೂ ತನಕ ತಡಿ" ಎನ್ನುತ್ತಾರೆ. ಠಾಣೆಗೆ ಹೋದರೆ "ಎರಡೂ ಕಡೆಯವರನ್ನು ಕೂಡಿಸಿ ಮಾತಾಡೋಣ, ಅಲ್ಲೀತನಕ ತಡೀರಿ" ಎನ್ನುತ್ತಾರೆ. ಕೋರ್ಟಿಗೆ ಹೋದರೆ ಮುಂದಿನ ಪೇಶಿಯ ತನಕ ತಡೆಯಬೇಕು. ತಡೆಯುವುದೇ ಹೆಣ್ಣಿನ ಗುಣ ಎಂದು ಕಲಿಸಿದ ಇದೇ ಸಮಾಜ, ತಡೆದು ತಡೆದು ಸುಟ್ಟುಹೋದವಳ ಹೆಣದ ಮುಂದೆ ನಿಂತು "ಮೊದಲೇ ಹೇಳಬಾರದಿತ್ತೇ?" ಎಂದು ಕೇಳುತ್ತದೆ!

ಹಾಗೆಂದು ಎಂದೂ ಯಾವ ಕಾರಣಕ್ಕೂ ತಡೆಯಲೇಬಾರದು ಎಂದು ವಾದಿಸಲು ನಾನು ಈ ಲೇಖನ ಬರೆಯುತ್ತಿಲ್ಲ. ತಡೆಯುವುದರಲ್ಲೂ ಎರಡು ಬಗೆಯಿದೆ. ಒಂದರಲ್ಲಿ ನಮ್ಮ ಕೆಲಸ ಮುಂದೆ ಸಾಗುತ್ತದೆ. ಇನ್ನೊಂದರಲ್ಲಿ ನಮ್ಮ ಕೈಯಲ್ಲಿದ್ದ ಏಕೈಕ ಹಿಡಿತವೂ ಜಾರಿಹೋಗುತ್ತದೆ. ಯಾವುದು ಯಾವುದೆಂದು ಗುರುತಿಸುವುದು ಹೇಗೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಈ ಪ್ರಶ್ನೆ ಎದ್ದದ್ದು ದೂರದ ಅಮೆರಿಕದ ಒಂದು ಮೊಕದ್ದಮೆಯಿಂದ. ಸುರಪುರದಲ್ಲಿ ಸಂಘವೊಂದರ ಸಭೆ ಮುಗಿದ ಮೇಲೆ ತಾಯಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಅಕ್ಕೋರ, ನನ್ನ ಮಗಳ ಕೇಸು ಸದ್ಯಕ್ಕ ನಿಲ್ಲಸೋಣು ಅಂತ ಸರಕಾರದ ವಕೀಲರು ಹೇಳ್ಯಾರಂತ್ರಿ. ಹೂಂ ಅನ್ಲೋ ಬ್ಯಾಡೋ ಅಂತ ಆಕಿ ನನ್ನ ಕೇಳ್ಯಾಳ. ನಾ ಸಾಲಿ ಕಲಿತಾಕಿ ಅಲ್ಲ, ನನಗೇನ್ ತಿಳೀತದ?" ಎಂದರು. ಮಗಳು ಓದಿದವಳು. ಅಳಿಯ ಕಂಪ್ಯೂಟರ್ ಇಂಜಿನಿಯರ್, ಅಮೆರಿಕದಲ್ಲಿ ಕಾಯಂ ನೆಲೆಸುವ ಪರವಾನಗಿ, ಅಂದರೆ ಗ್ರೀನ್ ಕಾರ್ಡ್ ಪಡೆದವನು. ಹೊಲ ಮಾರಿ ಮದುವೆ ಮಾಡಿದ್ದರು. ಅಲ್ಲಿಗೆ ಹೋದ ಮೇಲೆ ಬಂಗಾರ ಸಾಲದೆಂಬ ಮಾತು, ಆಮೇಲೆ ಕೈ, ಆಮೇಲೆ ಬೆಲ್ಟು. ಪಾಸ್‌ಪೋರ್ಟು ಅವನ ಬೀರುವಿನಲ್ಲಿ. ಅಲ್ಲಿನ ಮಹಿಳಾ ಸಂಘಟನೆಯೊಂದರ ನೆರವಿನಿಂದ ಆಕೆ ಆ ಮನೆ ಬಿಟ್ಟು ಹೊರಬಂದು, ತನ್ನ ಹೆಸರಿನಲ್ಲಿಯೇ ವಾಸದ ಹಕ್ಕಿಗಾಗಿ ವಲಸೆ ಇಲಾಖೆಗೆ ಅರ್ಜಿ ಹಾಕಿದಳು. ಅರ್ಜಿ ತಿರಸ್ಕೃತವಾಯಿತು. ಇಲಾಖೆಯ ಮೇಲೆ ಫೆಡರಲ್ ಕೋರ್ಟಿನಲ್ಲಿ ಮೊಕದ್ದಮೆ ಹೂಡಿದಳು. ಆಗ ಇಲಾಖೆಯ ಕಡೆಯಿಂದ ಸೂಚನೆ ಬಂತು: ನಿಮ್ಮ ಅರ್ಜಿಯನ್ನು ಮತ್ತೊಮ್ಮೆ ಪರಿಶೀಲಿಸುತ್ತೇವೆ, ಅಲ್ಲಿಯವರೆಗೆ ಮೊಕದ್ದಮೆ ನಿಲ್ಲಲಿ.

ಹೆಂಡತಿ ತಾನೇ ಅರ್ಜಿ ಹಾಕುವುದೆಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇರೆ ದೇಶದಿಂದ ಮದುವೆಯಾಗಿ ಹೋದ ಹೆಂಡತಿಯ ಕಾಯಂ ವಾಸದ ಅರ್ಜಿಗೆ ಸಾಮಾನ್ಯವಾಗಿ ಸಹಿ ಹಾಕಬೇಕಾದವನು ಗಂಡ. "ನಾನು ಸಹಿ ಹಾಕದಿದ್ದರೆ ನಾಳೆಯೇ ನಿನ್ನನ್ನು ವಿಮಾನ ಹತ್ತಿಸುತ್ತಾರೆ" ಎಂಬ ಬೆದರಿಕೆ ಅಲ್ಲಿನ ಎಷ್ಟೋ ಮನೆಗಳಲ್ಲಿ ಬೆಲ್ಟಿಗಿಂತ ಬಲವಾದ ಆಯುಧ. ಅಲ್ಲಿನ ಮಹಿಳಾ ಸಂಘಟನೆಗಳು ಹೋರಾಡಿದ ಫಲವಾಗಿ 1994ರಲ್ಲಿ ಬಂದ ಮಹಿಳಾ ಹಿಂಸಾಚಾರ ವಿರೋಧಿ ಕಾಯಿದೆ ಈ ಆಯುಧವನ್ನು ಗಂಡನ ಕೈಯಿಂದ ಕಿತ್ತುಕೊಂಡಿತು. ಗಂಡ ಅಮೆರಿಕದ ನಾಗರಿಕನೋ ಗ್ರೀನ್ ಕಾರ್ಡುದಾರನೋ ಆಗಿದ್ದು ಹಿಂಸೆ ಕೊಟ್ಟಿದ್ದರೆ, ಹೆಂಡತಿ ಅವನಿಗೆ ತಿಳಿಯದಂತೆ ತಾನೇ ಅರ್ಜಿ ಹಾಕಬಹುದು. ಆ ಸಂಗತಿಯನ್ನು ಇಲಾಖೆ ಗಂಡನಿಗೆ ಹೇಳಕೂಡದು, ಬರೀ ಅವನ ಚಾಡಿ ಮಾತಿನ ಮೇಲೆ ಅವಳಿಗೆ ವಿರುದ್ಧವಾದ ತೀರ್ಮಾನ ಕೊಡಕೂಡದು ಎಂದು 1996ರ ಕಾನೂನು ಕಟ್ಟು ಹಾಕಿತು.

ಆದರೆ ಆಕೆ ಪುರಾವೆ ಕೊಡಬೇಕು. ಮದುವೆ ನಿಜವಾದದ್ದು, ವೀಸಾಕ್ಕಾಗಿ ಮಾಡಿದ ನಾಟಕವಲ್ಲ. ಗಂಡನ ಜೊತೆ ಒಂದೇ ಮನೆಯಲ್ಲಿ ಬಾಳಿದ್ದಾಳೆ. ಅವನು ಹೊಡೆದಿದ್ದಾನೆ ಅಥವಾ ವಿಪರೀತ ಕ್ರೌರ್ಯ ತೋರಿದ್ದಾನೆ. ಆಕೆಯ ನಡತೆ ಒಳ್ಳೆಯದು. ಈ ಮಗಳಿಗೆ ಎದುರಾದ ತೊಡಕು ಎರಡನೆಯದು. ಒಂದೇ ಮನೆಯಲ್ಲಿ ಬಾಳಿದ್ದಕ್ಕೆ ಪುರಾವೆ ಸಾಲದು ಎಂದು ಅರ್ಜಿ ತಿರಸ್ಕರಿಸಿದರು. ಪುರಾವೆ ಎಲ್ಲಿಂದ ಬರಬೇಕು? ಬಾಡಿಗೆ ಕರಾರು ಅವನ ಹೆಸರಿನಲ್ಲಿ, ಕರೆಂಟ್ ಬಿಲ್ಲು ಅವನ ಹೆಸರಿನಲ್ಲಿ, ಬ್ಯಾಂಕ್ ಖಾತೆ ಅವನ ಹೆಸರಿನಲ್ಲಿ. ಆ ಮನೆಯಲ್ಲಿ ಆಕೆಯ ಹೆಸರಿದ್ದದ್ದು ಪಾಸ್‌ಪೋರ್ಟಿನ ಮೇಲೆ ಮಾತ್ರ, ಅದೂ ಬೀಗದೊಳಗೆ. ನಂಬಲು ಅರ್ಹವಾದ ಯಾವ ಪುರಾವೆಯನ್ನಾದರೂ ಇಲಾಖೆ ಪರಿಗಣಿಸಬೇಕು ಎಂದು ಅಲ್ಲಿನ ಕಾನೂನೇ ಹೇಳುತ್ತದೆ. ನೆರೆಮನೆಯವರ ಹೇಳಿಕೆಯೂ ಪುರಾವೆಯೇ, ವೈದ್ಯರ ಚೀಟಿಯೂ ಪುರಾವೆಯೇ. ಇಂಥ ಕಾಗದಗಳನ್ನು ಸರಿಯಾಗಿ ನೋಡಿಲ್ಲ ಎಂಬುದೇ ಮಗಳ ವಕೀಲರ ವಾದ. ಹೆಸರಿನ ಈ ತೊಡಕು ನಮಗೇನು ಹೊಸದೇ? ರೇಷನ್ ಕಾರ್ಡಿನಲ್ಲಿ ಸೊಸೆಯ ಹೆಸರು ಸೇರಿಸದೆ ವರ್ಷಗಟ್ಟಲೆ ಇಟ್ಟುಕೊಂಡು, ಜಗಳ ಬಂದಾಗ "ಈಕಿ ನಮ್ಮನ್ಯಾಗ ಇರಲೇ ಇಲ್ಲ" ಎಂದವರನ್ನು ನಾವೂ ನೀವೂ ಕಂಡಿದ್ದೇವೆ.

ಈಗ ತಾಯಿಯ ಪ್ರಶ್ನೆಗೆ ಬರೋಣ. ನಾನು ವಕೀಲೆಯಲ್ಲ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ಇಲಾಖೆ ಯಾವುದು, ನ್ಯಾಯಾಲಯ ಯಾವುದು, ಯಾರ ಕೈಯಲ್ಲಿ ಏನಿದೆ ಎಂದು ಮಾತ್ರ ಬಲ್ಲೆ. ಇಲ್ಲಿ ಅದೇ ಮುಖ್ಯವಾಗುತ್ತದೆ. ಇಂಥ ಮೊಕದ್ದಮೆಯಲ್ಲಿ ಅಲ್ಲಿನ ನ್ಯಾಯಾಧೀಶರು ಸಾಮಾನ್ಯವಾಗಿ ತಾವೇ ವಾಸದ ಪರವಾನಗಿ ಕೊಡುವುದಿಲ್ಲ. ಇಲಾಖೆ ಕಾನೂನಿನಂತೆ ನಡೆದಿದೆಯೇ, ಪುರಾವೆಗಳನ್ನು ನೋಡಿದೆಯೇ ಎಂದು ಪರೀಕ್ಷಿಸಿ, ನಡೆದಿಲ್ಲವಾದರೆ "ಮತ್ತೆ ಸರಿಯಾಗಿ ತೀರ್ಮಾನಿಸಿ" ಎಂದು ಅದೇ ಇಲಾಖೆಗೆ ಹಿಂದಕ್ಕೆ ಕಳಿಸುತ್ತಾರೆ. ಅಂದರೆ ಕೇಸು ಗೆದ್ದರೂ ಕಡತ ಮರಳಿ ಹೋಗುವುದು ಇಲಾಖೆಯ ಮೇಜಿಗೇ. ಆ ಇಲಾಖೆ ತಾನಾಗಿಯೇ ಕಡತ ತೆರೆಯುತ್ತೇನೆ ಎಂದರೆ, ಒಂದೆರಡು ವರ್ಷ ವಾದ ಮಾಡಿ ಪಡೆಯಬಹುದಾದದ್ದು ಈಗಲೇ ಬಾಗಿಲಿಗೆ ಬಂದ ಹಾಗೆ. ಮೊಕದ್ದಮೆ ಬಿದ್ದ ಮೇಲೆ ಸರ್ಕಾರಿ ವಕೀಲರು ಕೂತು ಕಡತ ಓದಬೇಕಾಗುತ್ತದೆ. ಮೊದಲು ನಿರ್ಲಕ್ಷಿಸಿದ ಕಾಗದ ಆಗ ಕಣ್ಣಿಗೆ ಬೀಳುತ್ತದೆ. ಇದು ಆಕೆ ಕೇಸು ಹಾಕಿದ್ದರ ಫಲ, ಇಲಾಖೆಯ ಕೃಪೆಯಲ್ಲ.

ಆದ್ದರಿಂದ ಹೂಂ ಎನ್ನಬಹುದು ಎಂದೆ. ಆದರೆ ಯಾವುದಕ್ಕೆ ಹೂಂ? ಕೇಸು ‘ಹಿಂತೆಗೆದುಕೊಳ್ಳುವುದು’ ಬೇರೆ, ಕೇಸನ್ನು ‘ತಡೆಹಿಡಿಯುವುದು’ ಬೇರೆ. ಹಿಂತೆಗೆದುಕೊಂಡರೆ ಕಡತ ಮುಚ್ಚಿತು. ಇಲಾಖೆ ಮತ್ತೆ ತಿರಸ್ಕರಿಸಿದರೆ ಹೊಸದಾಗಿ 405 ಡಾಲರ್ ಶುಲ್ಕ ಕಟ್ಟಿ, ಹೊಸ ಸಂಖ್ಯೆ ಪಡೆದು, ಮೊದಲಿನಿಂದ ಶುರುಮಾಡಬೇಕು. ತಡೆಹಿಡಿದರೆ ಕೇಸು ಅದೇ ನ್ಯಾಯಾಧೀಶರ ಬಳಿ ಉಸಿರಾಡುತ್ತಲೇ ಇರುತ್ತದೆ. ಇಲಾಖೆ ಮಾತು ತಪ್ಪಿದ ದಿನ ಒಂದು ಅರ್ಜಿ ಕೊಟ್ಟು ಮತ್ತೆ ಎಬ್ಬಿಸಬಹುದು. ಇಂಗ್ಲಿಷಿನ ಒಂದೇ ಹಾಳೆಯಲ್ಲಿ ಒಂದೇ ಪದದ ವ್ಯತ್ಯಾಸ ಇದು. ಸಹಿ ಹಾಕುವ ಮುನ್ನ ಆ ಪದ ಯಾವುದೆಂದು ವಕೀಲರನ್ನು ಕೇಳಲು ಮಗಳಿಗೆ ಹೇಳಿ ಎಂದೆ.

ಇನ್ನು ಎಷ್ಟು ದಿನ? 1936ರಷ್ಟು ಹಿಂದೆಯೇ ಅಮೆರಿಕದ ಸುಪ್ರೀಂ ಕೋರ್ಟು ಲ್ಯಾಂಡಿಸ್ ಪ್ರಕರಣದಲ್ಲಿ ಈ ಮಾತು ಇತ್ಯರ್ಥ ಮಾಡಿದೆ. ಅದು ದೊಡ್ಡ ದೊಡ್ಡ ಕಂಪನಿಗಳ ಜಗಳ, ಹೆಣ್ಣುಮಕ್ಕಳ ಗೊಡವೆ ಅದರಲ್ಲಿರಲಿಲ್ಲ. ಆದರೂ ತತ್ತ್ವ ನಮಗೆ ಬೇಕಾದದ್ದೇ. ಕೇಸು ತಡೆಹಿಡಿಯುವ ಅಧಿಕಾರ ನ್ಯಾಯಾಲಯಕ್ಕಿದೆ. ಆದರೆ ತಡೆಯಿಂದ ಎದುರಿನವರಿಗೆ ಹಾನಿಯಾಗುವ ಸಂಭವವಿದ್ದರೆ, ತಡೆ ಕೇಳುವವನು ತನಗೆ ಆಗುವ ಕಷ್ಟವನ್ನು ಸ್ಪಷ್ಟವಾಗಿ ತೋರಿಸಬೇಕು. ಮಿತಿಯಿಲ್ಲದ ತಡೆ ಸಲ್ಲದು. ಆದ್ದರಿಂದ ಇಂಥ ತಡೆಗೆ ಇಂತಿಷ್ಟು ದಿನ ಎಂಬ ಗಡುವು ಕೇಳಬಹುದು; ನಡುನಡುವೆ ಪರಿಶೀಲನೆ ಎಲ್ಲಿಗೆ ಬಂತೆಂದು ಇಲಾಖೆ ಕೋರ್ಟಿಗೆ ವರದಿ ಕೊಡಲಿ ಎಂದೂ ಕೇಳಬಹುದು. ಕೇಳಲೇಬೇಕು.

ಇನ್ನೊಂದು ಎಚ್ಚರಿಕೆ. ಕೇಸು ನಿಂತಿತೆಂದು ವೀಸಾದ ಗಡಿಯಾರ ನಿಲ್ಲುವುದಿಲ್ಲ. ಮೊಕದ್ದಮೆ ಬಾಕಿಯಿದೆ ಎಂಬ ಮಾತ್ರಕ್ಕೆ ಆ ದೇಶದಲ್ಲಿರುವ ಹಕ್ಕು ಹುಟ್ಟುವುದೂ ಇಲ್ಲ. ಅರ್ಜಿ ತಿರಸ್ಕೃತವಾಗಿದ್ದಾಗ ಕೆಲಸದ ಪರವಾನಗಿಗೂ ಕುತ್ತು ಬರಬಹುದು. ಹಾಗಾದರೆ ಈ ತಡೆಯ ತಿಂಗಳುಗಳಲ್ಲಿ ಆಕೆ ಏನು ಉಣ್ಣಬೇಕು, ಎಲ್ಲಿ ಮಲಗಬೇಕು? ಕಾಯುವವಳ ಹೊಟ್ಟೆಯ ಲೆಕ್ಕ ಕಾಯಿಸುವವರ ಕಡತದಲ್ಲಿ ಇರುವುದಿಲ್ಲ. ನಾವು ಅದನ್ನು ಬರೆಸಬೇಕು.

ಈ ಲೆಕ್ಕವನ್ನು ಒಂದು ದೇಶ ಮರೆತದ್ದನ್ನೂ ಮತ್ತೊಂದು ದೇಶ ನೆನಪಿಟ್ಟದ್ದನ್ನೂ ಒಟ್ಟಿಗೆ ನೋಡಿ. ಮೇಲೆ ಹೇಳಿದ 1994ರ ಸವಲತ್ತು ತಾತ್ಕಾಲಿಕ ಕೆಲಸದ ವೀಸಾದ ಮೇಲೆ ಹೋದವರ ಹೆಂಡಂದಿರಿಗೆ ಸಿಗುವುದಿಲ್ಲ. ನಮ್ಮ ಬೆಂಗಳೂರು, ಕಲಬುರಗಿ, ಹುಬ್ಬಳ್ಳಿಯ ಎಷ್ಟೋ ಸೊಸೆಯರು ಹೋಗುವುದು ಎಚ್-4 ಎಂಬ ಇಂಥ ಅವಲಂಬಿತರ ವೀಸಾದ ಮೇಲೆ. ಹಿಂಸೆಗೆ ಒಳಗಾದ ಇವರಿಗೆ ಕನಿಷ್ಠ ದುಡಿದು ತಿನ್ನುವ ಪರವಾನಗಿಯನ್ನಾದರೂ ಕೊಡಿ ಎಂದು ಅಲ್ಲಿನ ಸಂಸತ್ತು 2005ರಲ್ಲಿ ಕಾಯಿದೆಗೆ ತಿದ್ದುಪಡಿ ತಂದಿತು, 2006ರ ಜನವರಿಯಲ್ಲಿ ಅದಕ್ಕೆ ಸಹಿ ಬಿತ್ತು. ಆ ಪರವಾನಗಿಗೆ ಅರ್ಜಿ ಹಾಕುವ ನಮೂನೆಯನ್ನು ಇಲಾಖೆ ಹೊರತಂದದ್ದು 2017ರಲ್ಲಿ! ಕಾನೂನು ಕೊಟ್ಟ ಅನ್ನದ ತಟ್ಟೆ ಹನ್ನೊಂದು ವರ್ಷ ಕಪಾಟಿನಲ್ಲೇ ಇತ್ತು. ಅತ್ತ ಇಂಗ್ಲೆಂಡಿನಲ್ಲಿ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ, ನಮ್ಮ ಕಡೆಯ ಹೆಣ್ಣುಮಕ್ಕಳೂ ಸೇರಿ 1979ರಲ್ಲಿ ಕಟ್ಟಿದ ಸಂಘಟನೆ ವರ್ಷಗಟ್ಟಲೆ ಹೋರಾಡಿದ್ದರಿಂದ 2012ರಲ್ಲಿ ಒಂದು ರಿಯಾಯಿತಿ ಬಂತು. ಗಂಡನ ಹಿಂಸೆಯಿಂದ ಹೊರಬಂದ, ಗಂಡನ ವೀಸಾ ನಂಬಿದ್ದ ಹೆಣ್ಣಿಗೆ ಮೂರು ತಿಂಗಳು ಅಲ್ಲಿರಲು ಅನುಮತಿ, ಆ ಮೂರು ತಿಂಗಳೂ ಸರ್ಕಾರದ ನೆರವಿನ ಹಣ. ಆ ಅವಧಿಯಲ್ಲಿ ಆಕೆ ತನ್ನ ಕಾಯಂ ವಾಸದ ಅರ್ಜಿ ಹಾಕಬೇಕು. ಮೂರು ತಿಂಗಳು ಕಡಿಮೆಯೇ, ನಿಜ. ಆದರೆ ಅದು ಅನ್ನ ಸಹಿತವಾದ ಕಾಯುವಿಕೆ.

ನಮ್ಮ ದೇಶದ ಕೋರ್ಟೂ ಒಮ್ಮೆ ಇದೇ ದಾರಿಯಲ್ಲಿ ಯೋಚಿಸಿದೆ. ನೀರಜಾ ಸರಾಫ್ ಪ್ರಕರಣ ನಮ್ಮ ಚಳವಳಿಯ ಹಳಬರಿಗೆ ನೆನಪಿರಬೇಕು. ಅಮೆರಿಕದಲ್ಲಿದ್ದವನನ್ನು 1989ರಲ್ಲಿ ಮದುವೆಯಾಗಿ, ಇದ್ದ ನೌಕರಿಗೆ ರಾಜೀನಾಮೆ ಕೊಟ್ಟು, ಕರೆ ಬರುವುದನ್ನು ಕಾಯುತ್ತಿದ್ದ ಹೆಣ್ಣುಮಗಳಿಗೆ ಬಂದದ್ದು ಮದುವೆ ರದ್ದು ಮಾಡಬೇಕೆಂಬ ಅಲ್ಲಿನ ಕೋರ್ಟಿನ ಕಾಗದ. ಆಕೆ ಇಲ್ಲಿ ಪರಿಹಾರದ ದಾವೆ ಹೂಡಿದಳು, ಸುಮಾರು 22 ಲಕ್ಷ ರೂಪಾಯಿಗೆ ಡಿಕ್ರಿಯಾಯಿತು. ಎದುರಿನವರು ಹೈಕೋರ್ಟಿಗೆ ಹೋದರು. ಒಂದು ಲಕ್ಷ ಠೇವಣಿಯಿಟ್ಟರೆ ಡಿಕ್ರಿಗೆ ತಡೆ ಎಂದು ಹೈಕೋರ್ಟು ಹೇಳಿತು. ಆಕೆ ಸುಪ್ರೀಂ ಕೋರ್ಟಿಗೆ ಹೋದಾಗ, 1994ರಲ್ಲಿ, ಆ ಕೋರ್ಟು ತಡೆ ತೆಗೆದುಹಾಕಲಿಲ್ಲ. ಆದರೆ ಠೇವಣಿಯ ಮೊತ್ತ ಹೆಚ್ಚಿಸಿತು. ಇಲ್ಲಿ ನಡೆದ ಇಂಥ ಮದುವೆಗಳನ್ನು ಪರದೇಶದ ಕೋರ್ಟು ರದ್ದು ಮಾಡದಂತೆ, ಹೆಂಡತಿಗೆ ಗಂಡನ ಆಸ್ತಿಯಲ್ಲಿ ತಕ್ಕ ಜೀವನಾಂಶ ಸಿಗುವಂತೆ ಕಾನೂನು ತರಬೇಕೆಂದೂ ಸರ್ಕಾರಕ್ಕೆ ಸೂಚಿಸಿತು. 2019ರ ಫೆಬ್ರುವರಿಯಲ್ಲಿ ರಾಜ್ಯಸಭೆಯಲ್ಲಿ ಅನಿವಾಸಿ ಭಾರತೀಯರ ಮದುವೆ ನೋಂದಣಿಯ ಮಸೂದೆಯೊಂದು ಮಂಡನೆಯಾಯಿತು. ಸೂಚನೆಗೂ ಮಸೂದೆಗೂ ನಡುವೆ ಇಪ್ಪತ್ತನಾಲ್ಕು ವರ್ಷ. ಅದಿರಲಿ. ನಾನು ಎತ್ತಿ ಹೇಳಬೇಕೆಂದಿರುವುದು ಆ ಠೇವಣಿಯನ್ನು. ನಿಲ್ಲಿಸಬೇಕೆಂದರೆ ನಿಲ್ಲಿಸುವವನು ಮೊದಲು ಬೆಲೆ ಕಟ್ಟಲಿ ಎಂಬ ವಿವೇಕ ಅದರಲ್ಲಿದೆ.

ಇಷ್ಟು ದೂರ ಸುತ್ತಿ ಬಂದದ್ದು ನಮ್ಮೂರಿಗೆ ಮರಳುವುದಕ್ಕಾಗಿಯೇ. ಆ ಮಗಳ ವಿಷಯದಲ್ಲಿ ತಡೆ ಕೇಳಿದವರ ಕೈಯಲ್ಲಿ ಆಕೆ ಬೇಡಿದ ಕಾಗದವನ್ನು ಕೊಡುವ ಅಧಿಕಾರವಿತ್ತು. ಅದಕ್ಕೇ ಹೂಂ ಎನ್ನಬಹುದೆಂದೆ. ಇಲ್ಲಿ ನಮಗೆ "ತಡೀರಿ" ಎನ್ನುವವರ ಕೈಯಲ್ಲಿ ಏನಿದೆ?

ಒಬ್ಬಾಕೆ ಮೈಮೇಲೆ ಬಾಸುಂಡೆ ಹೊತ್ತು ಠಾಣೆಗೆ ಹೋಗುತ್ತಾಳೆ. ಎಫ್.ಐ.ಆರ್. ಆಗುವುದಿಲ್ಲ. ‘ಅರ್ಜಿ ವಿಚಾರಣೆ’ ಎಂದು ಬರೆದುಕೊಂಡು ಗಂಡನನ್ನು ಕರೆಸಿ, ಇನ್ನು ಮುಂದೆ ಹೊಡೆಯುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡು ಕಳಿಸುತ್ತಾರೆ. ಆ ಮುಚ್ಚಳಿಕೆ ಆಕೆಗೆ ಮನೆ ಕೊಡುತ್ತದೆಯೇ? ಜೀವನಾಂಶ? ಮುರಿದ ಕೂಡಲೇ ಜೈಲಿಗೆ ಹಾಕುವ ಬಲ ಅದಕ್ಕಿದೆಯೇ? ಯಾವುದೂ ಇಲ್ಲ. ಗಂಡ-ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಗಾದೆ ಹೇಳುವ ಹಿರಿಯರು ಅಲ್ಲೂ ಕೂತಿರುತ್ತಾರೆ. ಉಣ್ಣಲು ಕೊಟ್ಟಿದ್ದರೆ ಆಕೆ ಠಾಣೆಗೆ ಯಾಕೆ ಬರುತ್ತಿದ್ದಳು? ಇಂಥ ಕಡೆ ಕನಿಷ್ಠ ‘ಹಿಂಬರಹ’ ಕೇಳಬೇಕು. ಯಾವ ದಿನ ಯಾವ ಅರ್ಜಿ ಕೊಟ್ಟಳು, ಅದರ ಮೇಲೆ ಏನು ಕ್ರಮವಾಯಿತು ಎಂಬ ಬರವಣಿಗೆ. ಬಾಯಿಮಾತಿನ "ನೋಡೋಣ" ನಾಳೆ ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ.

ಹೀಗೆ ತಡೆಯುವುದನ್ನೇ ನಿಯಮ ಮಾಡುವ ಯತ್ನವೂ ನಡೆದಿದೆ. 2017ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ರಾಜೇಶ್ ಶರ್ಮಾ ಪ್ರಕರಣದಲ್ಲಿ, 498-ಎ ದೂರುಗಳೆಲ್ಲ ಮೊದಲು ಜಿಲ್ಲೆಯ ‘ಕುಟುಂಬ ಕಲ್ಯಾಣ ಸಮಿತಿ’ಗೆ ಹೋಗಬೇಕು, ಸಮಿತಿ ಒಂದು ತಿಂಗಳಲ್ಲಿ ವರದಿ ಕೊಡಬೇಕು, ಅಲ್ಲಿಯವರೆಗೆ ಸಾಮಾನ್ಯವಾಗಿ ಬಂಧನ ಕೂಡದು ಎಂದಿತು. ಸಮಿತಿಯಲ್ಲಿ ಯಾರು? ಸಮಾಜ ಸೇವಕರು, ನಿವೃತ್ತರು, ಅಧಿಕಾರಿಗಳ ಹೆಂಡಂದಿರು! ನಿವೃತ್ತಳಾದ ನನ್ನನ್ನೂ ಕೂಡಿಸಬಹುದಿತ್ತೇನೋ. ಪೆಟ್ಟು ತಿಂದವಳ ಮಾತು ನಿಜವೋ ಸುಳ್ಳೋ ಎಂದು ತೂಗುವ ಅಧಿಕಾರ ನನಗೆ ಯಾವ ಕಾನೂನು ಕೊಟ್ಟಿದೆ? ಮಹಿಳಾ ಸಂಘಟನೆಗಳು ಪ್ರತಿಭಟಿಸಿದವು. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆ ಸಮಿತಿಗಳಿಗೆ ಕಾನೂನಿನ ಚೌಕಟ್ಟಿನಲ್ಲಿ ಜಾಗವಿಲ್ಲ ಎಂದು ತೆಗೆದುಹಾಕಿತು. ನಾವು ನಿಟ್ಟುಸಿರು ಬಿಟ್ಟೆವು. ಆದರೆ 2022ರ ಜೂನ್‌ನಲ್ಲಿ ಅಲಹಾಬಾದ್ ಹೈಕೋರ್ಟು ಉತ್ತರ ಪ್ರದೇಶಕ್ಕೆ ಅದನ್ನೇ ಬೇರೆ ರೂಪದಲ್ಲಿ ತಂದಿತು. ದೂರಾದ ಮೇಲೆ ಎರಡು ತಿಂಗಳು ‘ತಣಿಯುವ ಅವಧಿ’, ಅಷ್ಟರಲ್ಲಿ ಕುಟುಂಬ ಕಲ್ಯಾಣ ಸಮಿತಿಯ ವರದಿ, ಅಲ್ಲಿಯತನಕ ಬಂಧನವಿಲ್ಲ. 2025ರ ಜುಲೈ 22ರಂದು ಸುಪ್ರೀಂ ಕೋರ್ಟು ಒಂದು ದಂಪತಿಗಳ ವ್ಯಾಜ್ಯವನ್ನು ಮುಗಿಸುತ್ತಾ ಆ ಸೂಚನೆಗಳು ಜಾರಿಯಲ್ಲಿರಲಿ ಎಂದು ಹೇಳಿತು.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಈ ತಡೆ ತಪ್ಪು. ದೂರು ಕೊಟ್ಟ ಮೊದಲ ಎರಡು ತಿಂಗಳೇ ಹೆಣ್ಣಿಗೆ ಅತ್ಯಂತ ಅಪಾಯದ ಕಾಲ. ಆಗಲೇ ರಾಜಿಗೆ ಒತ್ತಡ, ಆಗಲೇ ಮಕ್ಕಳನ್ನು ಕಸಿದುಕೊಳ್ಳುವ ಬೆದರಿಕೆ, ಆಗಲೇ ಬಂಗಾರ ಅಡವಿಗೆ ಹೋಗುವುದು. ಸಮಿತಿಯ ಕೈಯಲ್ಲಿ ಆಕೆಗೆ ಕೊಡಲು ಮನೆಯಿಲ್ಲ, ಹಣವಿಲ್ಲ, ರಕ್ಷಣೆಯಿಲ್ಲ. ಅದು ಕೊಡಬಲ್ಲದ್ದು ಒಂದು ವರದಿ ಮಾತ್ರ. ಇಂಥ ಕಡೆ ಯಾರು ತಣಿಯಬೇಕು? ಹೊಡೆದವನ ಕೈಯೋ, ಹೊಡೆಸಿಕೊಂಡವಳ ಬೆನ್ನೋ? ಆದರೂ ಒಂದು ಸಂಗತಿ ಗಮನಿಸಿ. ಆ ಎರಡು ತಿಂಗಳೂ ವೈದ್ಯಕೀಯ ವರದಿ, ಗಾಯದ ವರದಿ, ಸಾಕ್ಷಿಗಳ ಹೇಳಿಕೆ ಪಡೆಯುವ ಕೆಲಸ ಪೊಲೀಸರು ಮುಂದುವರಿಸಬೇಕೆಂದು ಅದೇ ಸೂಚನೆಗಳಲ್ಲಿದೆ. ನಮ್ಮ ಕಡೆ ಯಾರಾದರೂ "ಎರಡು ತಿಂಗಳು ಏನೂ ಮಾಡಂಗಿಲ್ಲ" ಎಂದರೆ ನಂಬಬೇಡಿ. 2024ರ ಜುಲೈ 1ರಿಂದ ಹಳೆಯ 498-ಎ ಕಲಮಿನ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳು ಬಂದಿವೆ. ಅಂಕಿ ಬದಲಾಗಿದೆ, ಅಪರಾಧ ಅದೇ.

ಮನೆಯೊಳಗಿನ ಹಿಂಸೆಯಿಂದ ರಕ್ಷಣೆ ಕೊಡುವ 2005ರ ಕಾಯಿದೆಯನ್ನು ಬರೆದವರು ಈ ಎರಡು ತಿಂಗಳ ಮಾತನ್ನು ಎಷ್ಟು ಜಾಣತನದಿಂದ ಬರೆದಿದ್ದಾರೆ ನೋಡಿ. ಅದರ 14ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ಸಮಾಲೋಚನೆಗೆ ಕಳಿಸಬಹುದು, ಆದರೆ ಕಳಿಸಿದರೆ ಮುಂದಿನ ತಾರೀಖು ಎರಡು ತಿಂಗಳೊಳಗೆ ಇರಲೇಬೇಕು. ಇದರ ಜೊತೆಗೆ 23ನೇ ಕಲಮಿದೆ. ಕೇಸು ಇತ್ಯರ್ಥವಾಗುವ ಮುನ್ನವೇ, ತುರ್ತಿದ್ದರೆ ಎದುರಿನವರ ಮಾತು ಕೇಳುವ ಮುನ್ನವೇ, ಮಧ್ಯಂತರ ಆದೇಶ ಕೊಡಬಹುದು: ಹೊಡೆಯಕೂಡದು, ಮನೆಯಿಂದ ಹೊರಹಾಕಕೂಡದು, ಖರ್ಚಿಗೆ ಇಷ್ಟು ಕೊಡಬೇಕು. ರಕ್ಷಣಾ ಆದೇಶ ಮುರಿದರೆ 31ನೇ ಕಲಮಿನಂತೆ ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ಬಾಳಿದ ಹೆಂಡತಿಗೆ ಇರುವ ಹಕ್ಕಿದೆ. ಅತ್ತೆ-ಮಾವನ ಹೆಸರಿನ ಮನೆಯೂ ಇದಕ್ಕೆ ಒಳಪಡಬಹುದೆಂದು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದೇ ವರ್ಷ ನವೆಂಬರ್ 4ರ ರಜನೇಶ್ ಪ್ರಕರಣದ ತೀರ್ಪಿನಂತೆ ಜೀವನಾಂಶದ ಲೆಕ್ಕ ಅರ್ಜಿ ಹಾಕಿದ ದಿನದಿಂದಲೇ ಹಿಡಿಯಬೇಕು. ಹಾಗಾಗಿ ನಾನು ಸಂಘದವರಿಗೆ ಹೇಳುವುದು ಇಷ್ಟೆ. ಮಾತುಕತೆಗೆ ಕೂಡಬೇಕೆಂದಿದ್ದರೆ ಕೂಡಿ, ಆದರೆ ಅರ್ಜಿ ಕೋರ್ಟಿಗೆ ಹೋದ ಮೇಲೆ ಕೂಡಿ, ಮಧ್ಯಂತರ ಆದೇಶ ಕೈಯಲ್ಲಿ ಹಿಡಿದು ಕೂಡಿ. ಅರ್ಜಿಯನ್ನೇ ಹಾಕದೆ ಆರು ತಿಂಗಳು ಮಾತಾಡಿದವಳಿಗೆ ಆ ಆರು ತಿಂಗಳ ಜೀವನಾಂಶವೂ ಹೋಯಿತು.

ನಿಂತ ಕೇಸನ್ನು ಎಬ್ಬಿಸುವವರು ಯಾರು? ನಮ್ಮ ತಾಲ್ಲೂಕಿನ ಕೋರ್ಟಿನಲ್ಲಿ ವರದಕ್ಷಿಣೆ ಕಿರುಕುಳದ ಕೇಸು ನಡೆಯುತ್ತಿರುವಾಗ ಗಂಡನ ಕಡೆಯವರು ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತರುತ್ತಾರೆ. ಮೊದಲಾದರೆ ಇದಕ್ಕಾಗಿ ಬೆಂಗಳೂರಿಗೆ ಓಡಬೇಕಿತ್ತು. 2008ರಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರ ಆಗಸ್ಟ್‌ನಲ್ಲಿ ಅದು ಕಾಯಂ ಆಯಿತು. ಆದರೂ ಸುರಪುರದಿಂದ ಕಲಬುರಗಿಗೆ ಹೋಗಿ ಬರಲು ಒಂದು ದಿನದ ಕೂಲಿ, ಬುತ್ತಿ, ಮಕ್ಕಳನ್ನು ನೋಡಿಕೊಳ್ಳುವವರು, ಎಲ್ಲವೂ ಬೇಕು. 2018ರಲ್ಲಿ ಸುಪ್ರೀಂ ಕೋರ್ಟು, ಇಂಥ ತಡೆಯಾಜ್ಞೆ ಕಾರಣ ಕೊಟ್ಟು ಮುಂದುವರಿಸದಿದ್ದರೆ ಆರು ತಿಂಗಳಿಗೆ ತಾನಾಗಿಯೇ ಮುಗಿಯುತ್ತದೆ ಎಂದಿತ್ತು. 2024ರ ಫೆಬ್ರುವರಿ 29ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ಮಾತನ್ನು ಹಿಂತೆಗೆಯಿತು. ತಡೆ ತಾನಾಗಿ ಬೀಳುವುದಿಲ್ಲ, ಬೀಳಿಸಬೇಕು. ಆದ್ದರಿಂದ "ಹೈಕೋರ್ಟಿನ್ಯಾಗ ಐತಿ" ಎಂದು ವಕೀಲರು ಹೇಳಿದ ಮೇಲೆ ಸುಮ್ಮನೆ ಮನೆಯಲ್ಲಿ ಕೂತರೆ ಆ ಕೇಸು ಅಲ್ಲೇ ಇರುತ್ತದೆ. ತಡೆ ತೆರವಿಗೆ ನಮ್ಮ ಕಡೆಯಿಂದಲೇ ಅರ್ಜಿ ಹೋಗಬೇಕು.

ರಾಜಿಯ ಮಾತೂ ಬರುತ್ತದೆ. ರಾಜಿಯಾಗಿ ಹಣ ಪಡೆದು ಬೇರೆಯಾಗಲು ಬಯಸುವವರಿದ್ದಾರೆ. ಮತ್ತೆ ಬಾಳ್ವೆ ಮಾಡಲು ಬಯಸುವವರೂ ಇದ್ದಾರೆ. ಅದು ಅವರ ಬದುಕು. "ನೀನು ಹೋರಾಡಲೇಬೇಕು" ಎಂದು ಹೇರುವ ಹಕ್ಕು ಚಳವಳಿಗೂ ಇಲ್ಲ. ರಾಜಿಯಾದರೆ ಹೈಕೋರ್ಟು ಇಂಥ ಕೇಸನ್ನು ರದ್ದುಮಾಡಬಹುದೆಂದು 2003ರಲ್ಲೇ ತೀರ್ಪಾಗಿದೆ. ನನ್ನ ಒತ್ತಾಯ ಇಷ್ಟೇ: ಕೇಸು ರದ್ದಿನ ಕಾಗದಕ್ಕೆ ಸಹಿ ಬೀಳುವುದು ಹಣ ಖಾತೆಗೆ ಬಂದ ಮೇಲೆ, ಬಂಗಾರ ಕೈಗೆ ಬಂದ ಮೇಲೆ. "ಕೇಸು ತಗೀ, ನಾಳೆ ಕೊಡ್ತೀವಿ" ಎಂಬ ನಾಳೆ ಎಷ್ಟು ಮನೆಗಳಲ್ಲಿ ಇನ್ನೂ ಬಂದಿಲ್ಲ ಎಂಬುದು ನಿಮಗೇ ಗೊತ್ತು.

ಇದನ್ನೆಲ್ಲ ಒಬ್ಬಳೇ ನಿಭಾಯಿಸುವುದು ಆಗದ ಮಾತು. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಣ್ಣಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗಬೇಕು. ಸುರಪುರದವರು ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಬೇಕು. ಫೋನಿನಲ್ಲಾದರೆ 15100, ತುರ್ತಿನ ಹೊತ್ತಿಗೆ 181 ಅಥವಾ 112. ಆದರೆ ಉಚಿತ ವಕೀಲರು ಸಿಕ್ಕರೂ ಪೇಶಿಯ ತಾರೀಖು ನೆನಪಿಡುವವರು ಬೇಕು, ಜೊತೆಗೆ ಬರುವವರು ಬೇಕು. ಪ್ರತಿ ವಾರ ಉಳಿತಾಯದ ಹಣ ಎಣಿಸಿ ಪುಸ್ತಕದಲ್ಲಿ ಬರೆಯುವ ನೀವು ಈ ಕೆಲಸವನ್ನು ಯಾವ ಕಚೇರಿಗಿಂತಲೂ ಚೆನ್ನಾಗಿ ಮಾಡಬಲ್ಲಿರಿ. ಸಂಘದ ಠರಾವು ಪುಸ್ತಕದ ಕೊನೆಯಲ್ಲಿ ಎರಡು ಹಾಳೆ ಬಿಡಿ. ಯಾವ ಸದಸ್ಯೆಯ ಯಾವ ಕೇಸು ಯಾವ ಕೋರ್ಟಿನಲ್ಲಿ, ಅದು ನಿಂತಿದ್ದರೆ ಯಾರು ನಿಲ್ಲಿಸಿದರು, ಎಂದಿನವರೆಗೆ, ಅಲ್ಲಿಯತನಕ ಆಕೆಗೆ ತಿಂಗಳಿಗೆ ಎಷ್ಟು ಬರುತ್ತಿದೆ ಎಂದು ಬರೆದಿಡಿ. ‘ಎಂದಿನವರೆಗೆ’ ಎಂಬ ಮನೆ ಖಾಲಿ ಉಳಿದಿದ್ದರೆ, ಮುಂದಿನ ಸೋಮವಾರ ಆಕೆಯ ಜೊತೆ ಇಬ್ಬರು ಆ ಹಾಳೆ ತೆಗೆದುಕೊಂಡು ವಕೀಲರ ಬಳಿ ಹೋಗಿ.